ಐಸೊಪಾಡ್ ಡಬ್ಬಿಯಲ್ಲಿ ಸಾವು ಶುರುವಾಗಿದೆಯೇ? ನೀರು ಹಾಕುವ ಮೊದಲು ಇದನ್ನು ನೋಡಿ

ಐಸೊಪಾಡ್ ಅಂದರೆ ಎಲೆ, ತೊಗಟೆಯ ಕೆಳಗೆ ತೇವದಲ್ಲಿ ಬದುಕುವ ಪುಟ್ಟ ಪ್ರಾಣಿ. ಹವ್ಯಾಸಕ್ಕೆ ಅಂತ ಇದನ್ನು ಮಣ್ಣು, ಎಲೆ ತುಂಬಿದ ಡಬ್ಬಿಯಲ್ಲಿ ಸಾಕುತ್ತಾರೆ. ಏಪ್ರಿಲ್ ಬಂತೆಂದರೆ ಹೀಗೆ ಸಾಕುವವರಿಂದ ನನಗೆ ಬರುವ ಫೋನುಗಳಲ್ಲಿ ಒಂದೇ ಮಾತು. "ಅಣ್ಣಾ, ಡಬ್ಬ್ಯಾಗಿನ ಹುಳ ಒಂದೊಂದ ಸಾಯಾಕತ್ತಾವ್ರಿ. ಇನ್ನಷ್ಟ ನೀರ ಹಾಕ್ಲೇನ್ರಿ?" ನನ್ನ ಉತ್ತರವೂ ಒಂದೇ. ತಡೀರಿ. ಮೊದಲು ಮುಚ್ಚಳ ತೆಗೆದು ವಾಸನೆ ನೋಡಿ.

ವಿಜಯಪುರದಂಥ ಒಣ ಊರಿನಲ್ಲಿ ತೇವ ಬೇಡುವ ಪ್ರಾಣಿ ಸತ್ತರೆ, ತೇವ ಸಾಲಲಿಲ್ಲ ಅಂತಲೇ ಎಲ್ಲರಿಗೂ ಅನ್ನಿಸುತ್ತದೆ. ಹಾಗಾಗಿ ನೀರು ಸುರಿಯುತ್ತಾರೆ, ಗಾಳಿ ತೂತುಗಳಿಗೆ ಟೇಪ್ ಅಂಟಿಸುತ್ತಾರೆ. ಆದರೆ ಇಲ್ಲಿ ನಾನು ಬಿಚ್ಚಿ ನೋಡಿದ ಹಾಳಾದ ಡಬ್ಬಿಗಳಲ್ಲಿ ಜಾಸ್ತಿ ಪಾಲು ಒಣಗಿ ಸತ್ತವಲ್ಲ. ಉಸಿರು ಕಟ್ಟಿ ಸತ್ತವು, ಇಲ್ಲವೇ ಬಿಸಿಗೆ ಬೆಂದವು. ಒಣಗಿದ್ದಕ್ಕೆ ಕೊಡುವ ಮದ್ದನ್ನೇ ಇವಕ್ಕೆ ಕೊಟ್ಟರೆ ಉಳಿದವೂ ಹೋಗುತ್ತವೆ. ಅದಕ್ಕೇ ಈ ಬರಹ: ಯಾವ ದೋಷ ಅಂತ ಗುರುತಿಸುವುದು ಮೊದಲು, ಸರಿಪಡಿಸುವುದು ಆಮೇಲೆ.

ಒಂದು ವಿಷಯ ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಐಸೊಪಾಡ್ ಕೀಟವಲ್ಲ. ಏಡಿ, ಸೀಗಡಿಗಳ ಬಳಗದ್ದು. ನೆಲಕ್ಕೆ ಬಂದು ಬದುಕಿದರೂ ಅದರ ಉಸಿರಾಟ ಇನ್ನೂ ಕಿವಿರಿನ ರೀತಿಯದೇ. ಹೊಟ್ಟೆಯ ಕೆಳಗೆ, ಹಿಂಭಾಗದಲ್ಲಿ ತೆಳುವಾದ ಪದರಗಳಿರುತ್ತವೆ. ಅವು ಒದ್ದೆ ಇದ್ದರೆ ಮಾತ್ರ ಆಮ್ಲಜನಕ ಒಳಗೆ ಹೋಗುತ್ತದೆ. ಆದರೆ ಪದರ ಒದ್ದೆ ಇದ್ದು ಸುತ್ತಲಿನ ಗಾಳಿಯೇ ಕೆಟ್ಟಿದ್ದರೆ ಏನು ಪ್ರಯೋಜನ? ಮೇಲಾಗಿ ಇವು ಮೈಯೊಳಗಿನ ಸಾರಜನಕದ ಕಸವನ್ನು ಅಮೋನಿಯಾ ಅನಿಲವಾಗಿ ಹೊರಗೆ ಬಿಡುತ್ತವೆ. ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಅದಕ್ಕೆ ಹೋಗಲು ದಾರಿ ಇರುವುದಿಲ್ಲ. ಹಾಗಾಗಿ ಇವಕ್ಕೆ ತೇವವೂ ಬೇಕು, ಗಾಳಿಯೂ ಬೇಕು.

ಅದು ನಿಜವಾಗಿ ಸಾವೇ?

ನಗಬೇಡಿ. ಪೊರೆಯನ್ನು ಹೆಣ ಅಂತ ಎಣಿಸಿ ಗಾಬರಿಯಾಗುವವರು ಬಹಳ ಜನ. ಐಸೊಪಾಡ್ ಒಂದೇ ಸಲಕ್ಕೆ ಪೊರೆ ಬಿಡುವುದಿಲ್ಲ. ಮೊದಲು ಹಿಂದಿನ ಅರ್ಧ, ಒಂದೆರಡು ದಿನ ಬಿಟ್ಟು ಮುಂದಿನ ಅರ್ಧ. ಹಾಗಾಗಿ ಮಣ್ಣಿನ ಮೇಲೆ ಬಿಳಿಯಾದ, ಟೊಳ್ಳಾದ, ಅರ್ಧ ಮೈಯಷ್ಟೇ ಇರುವ ಚೂರು ಸಿಕ್ಕರೆ ಅದು ಪೊರೆ. ಅದನ್ನು ತೆಗೆಯಬೇಡಿ. ಅದರಲ್ಲಿರುವ ಕ್ಯಾಲ್ಸಿಯಂಗಾಗಿ ಅವೇ ತಿಂದು ಮುಗಿಸುತ್ತವೆ. ಮೈಯ ಅರ್ಧ ಮಸುಕಾಗಿ, ಅರ್ಧ ಮಾಮೂಲಿ ಬಣ್ಣದಲ್ಲಿದ್ದು ಅಲುಗಾಡದೆ ಕೂತಿರುವುದೂ ರೋಗವಲ್ಲ. ಪೊರೆ ಬಿಡುವ ಕೆಲಸ ನಡೆದಿದೆ. ಮುಟ್ಟಬೇಡಿ.

ಹೆಣ ಬೇರೆ ಥರ. ಇಡೀ ಮೈ ಇರುತ್ತದೆ, ಕಾಲು ಮಡಚಿರುತ್ತವೆ, ಬೆನ್ನ ಮೇಲೆ ಬಿದ್ದಿರುತ್ತದೆ, ಒಂದು ದಿನ ಬಿಟ್ಟರೆ ನಾತ. ತೇವದ ಡಬ್ಬಿಯಲ್ಲಿ ಹೆಣವನ್ನು ಉಳಿದವು ತಿಂದುಬಿಡುತ್ತವೆ. ಹೀಗಾಗಿ ಹೆಣ ಕಾಣದೆ ಸಂಖ್ಯೆ ಮಾತ್ರ ಕಡಿಮೆಯಾದಂತೆ ಕಂಡರೆ ಎರಡು ಅರ್ಥ. ನಿಜವಾಗಿ ಸಾಯುತ್ತಿವೆ, ಇಲ್ಲವೇ ಬಿಸಿಗೆ ತಳಕ್ಕೆ ಇಳಿದಿವೆ. ತಿಳಿಯಲು ಇಡೀ ಮಣ್ಣು ಅಗೆಯಬೇಡಿ. ರಾತ್ರಿ ಹತ್ತರ ಮೇಲೆ ಒಂದು ತುಂಡು ಸೌತೆಕಾಯಿ, ಒಂದು ಚಿಟಿಕೆ ಮೀನಿನ ಆಹಾರ ಇಟ್ಟು, ಸ್ವಲ್ಪ ಹೊತ್ತು ಬಿಟ್ಟು ಟಾರ್ಚ್ ಹಾಕಿ ನೋಡಿ. ಇದ್ದರೆ ಬರುತ್ತವೆ.

ಎಲ್ಲಿ ಕೂತಿವೆ?

ನನ್ನ ಪ್ರಕಾರ ಎಲ್ಲ ಮೀಟರುಗಳಿಗಿಂತ ಇದು ಒಳ್ಳೆಯ ಪರೀಕ್ಷೆ. ಮಧ್ಯಾಹ್ನ ಎರಡರ ಸುಮಾರಿಗೆ, ಡಬ್ಬಿ ಅಲುಗಿಸದೆ ನೋಡಿ.

ಎಲ್ಲವೂ ಒದ್ದೆ ಮೂಲೆಯಲ್ಲಿ ಒಂದರ ಮೇಲೊಂದು ಗುಂಪಾಗಿದ್ದು, ಬೇರೆ ಕಡೆಯ ಎಲೆ ಮುಟ್ಟಿದರೆ ಪರಪರ ಅಂದರೆ ಡಬ್ಬಿ ಒಣಗಿದೆ. ಹಗಲಲ್ಲೇ ಗೋಡೆ ಹತ್ತಿದ್ದರೆ, ಮುಚ್ಚಳದ ಒಳಗೆ ಅಂಟಿಕೊಂಡಿದ್ದರೆ, ಗಾಳಿ ತೂತಿನ ಹತ್ತಿರ ಸೇರಿದ್ದರೆ ಕೆಳಗೆ ಏನೋ ಕೆಟ್ಟಿದೆ. ಅವು ನೀರಿನಿಂದ ದೂರ ಓಡುತ್ತಿವೆ, ನೀವು ಇನ್ನಷ್ಟು ನೀರು ಹಾಕಲು ಹೊರಟಿದ್ದೀರಿ. ಮಣ್ಣಿನ ಮೇಲೆ ಎಲ್ಲೆಂದರಲ್ಲಿ ಅಲೆಯುತ್ತಾ, ಬೆನ್ನ ಮೇಲೆ ಬಿದ್ದು ಕಾಲು ಬಡಿಯುತ್ತಿದ್ದರೆ ವಿಷ ಅಥವಾ ಬಿಸಿ. ತೊಗಟೆಯ ಕೆಳಗೆ, ಎಲೆಗಳ ನಡುವೆ, ಅಲ್ಲೊಂದು ಇಲ್ಲೊಂದು ಹರಡಿಕೊಂಡಿದ್ದರೆ ಎಲ್ಲ ಸರಿ ಇದೆ. ಮುಚ್ಚಳ ಹಾಕಿ ಚಹಾ ಕುಡೀರಿ.

ರಾತ್ರಿ ಗೋಡೆ ಹತ್ತುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕತ್ತಲಲ್ಲಿ ಅವು ತಿರುಗಾಡುತ್ತವೆ.

ಮೂಗು, ಮುಷ್ಟಿ, ತಕ್ಕಡಿ

ಇನ್ನು ಮೂಗಿನ ಕೆಲಸ. ಒಳ್ಳೆಯ ಡಬ್ಬಿಗೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ. ಹುಳಿ ವಾಸನೆ ಬಂದರೆ ಹಾಕಿದ ಆಹಾರ ಕೊಳೆತಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದ ಮಣ್ಣಿನಲ್ಲಿ ಗಾಳಿ ಸತ್ತಿದೆ. ಪಾರದರ್ಶಕ ಡಬ್ಬಿಯಾದರೆ ಪಕ್ಕದಿಂದ ನೋಡಿ, ತಳದಲ್ಲಿ ಕಪ್ಪು ಪಟ್ಟಿ ಕಾಣುತ್ತದೆ. ಕಣ್ಣು ಚುರ್ ಅನ್ನುವ ವಾಸನೆ ಅಮೋನಿಯಾದ್ದು.

ಆಮೇಲೆ ಒದ್ದೆ ಭಾಗದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ. ಉಂಡೆ ಕಟ್ಟಬೇಕು, ಹೆಚ್ಚೆಂದರೆ ಒಂದೆರಡು ಹನಿ ಬರಬೇಕು. ನೀರು ಸುರಿದರೆ ಜಾಸ್ತಿಯಾಯಿತು. ರೊಟ್ಟಿಗೆ ನಾದಿದ ಹಿಟ್ಟಿನ ಹಾಗೆ ಕೈಗೆ ಮೆತ್ತಿಕೊಂಡರೆ ಮಣ್ಣಿನ ಆಯ್ಕೆಯೇ ತಪ್ಪು. ಬಹುಶಃ ಹೊಲದ ಎರಿ ಮಣ್ಣು ಹಾಕಿದ್ದೀರಿ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಳಗಿನ ಸಂದುಗಳನ್ನೆಲ್ಲ ಮುಚ್ಚುತ್ತದೆ. ಒಣಗಿದರೆ ಕಲ್ಲಾಗಿ ಬಿರಿಯುತ್ತದೆ. ಜೋಳಕ್ಕೆ ಬಂಗಾರದಂಥ ಮಣ್ಣು ಈ ಡಬ್ಬಿಗೆ ಆಗುವುದಿಲ್ಲ. ಒಂದು ಹಿಡಿ ಬೆರೆಸಿದರೆ ತೊಂದರೆ ಇಲ್ಲ, ಅದೇ ತಳಪಾಯ ಆಗಬಾರದು.

ತಕ್ಕಡಿ ಯಾಕೆ ಅಂತೀರಾ? ಡಬ್ಬಿ ಎಷ್ಟು ನೀರು ಕಳೆದುಕೊಳ್ಳುತ್ತಿದೆ ಅನ್ನುವುದನ್ನು ಊಹೆ ಮಾಡುವ ಅಗತ್ಯವೇ ಇಲ್ಲ. ಅಡುಗೆ ಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಇಡೀ ಡಬ್ಬಿ ಇಟ್ಟು ತೂಕ ಬರೆದಿಡಿ. ನಾಲ್ಕು ದಿನ ಬಿಟ್ಟು ಮತ್ತೆ ತೂಗಿ. 60 ಗ್ರಾಂ ಕಡಿಮೆಯಾಗಿದ್ದರೆ ಹೆಚ್ಚುಕಡಿಮೆ 60 ಮಿಲಿ ನೀರು ಹೋಗಿದೆ. ಅಷ್ಟೇ ಹಾಕಿ. ಮೇ ತಿಂಗಳಲ್ಲಿ ಒಂದು ಲೆಕ್ಕ, ಆಗಸ್ಟ್‌ನಲ್ಲಿ ಇನ್ನೊಂದು ಲೆಕ್ಕ ಬರುತ್ತದೆ. ಮುಚ್ಚಳದ ಒಳಗಿನ ಹನಿ ನೋಡಿ ತೇವ ಸಾಕು ಅಂತ ನಿರ್ಧರಿಸುವವರಿಗೆ ಇದು ಉಪಯೋಗ. ಹನಿ ಕಟ್ಟುವುದಕ್ಕೆ ಮುಚ್ಚಳ ತಣ್ಣಗಿದ್ದರೆ ಸಾಕು. ಮಣ್ಣು ಒಣಗಿದ್ದಾಗಲೂ ಹನಿ ಕಾಣಬಹುದು.

ನಿಜವಾಗಿ ಒಣಗಿದ್ದರೆ

ಇದು ಸುಲಭ. ಮೇಲಿನಿಂದ ಸ್ಪ್ರೇ ಹೊಡೆಯುವುದನ್ನು ಬಿಡಿ. ಅದು ಎಲೆ ನೆನೆಸುತ್ತದೆ, ತಾಸಿನಲ್ಲಿ ಆರಿಹೋಗುತ್ತದೆ. ಒಂದು ಮೂಲೆಯಲ್ಲಿ ನೀರು ಹಿಡಿದಿಡುವ ಸ್ಫ್ಯಾಗ್ನಮ್ ಪಾಚಿ ಇಟ್ಟು, ಅದರ ಮೇಲೆ ನಿಧಾನಕ್ಕೆ ನೀರು ಸುರಿಯಿರಿ. ನೀರು ಆ ಮೂಲೆಯ ತಳಕ್ಕೆ ಇಳಿಯಬೇಕು. ಡಬ್ಬಿಯ ಮೂರನೇ ಒಂದು ಭಾಗ ಒದ್ದೆ, ಇನ್ನೊಂದು ತುದಿ ಒಣ, ನಡುವೆ ಎರಡೂ ಬೆರೆತದ್ದು. ಎಲ್ಲಿ ಬೇಕೋ ಅಲ್ಲಿ ಅವೇ ಹೋಗಿ ಕೂರುತ್ತವೆ. ಗುಹೆ ಕಡೆಯ ಕ್ಯೂಬಾರಿಸ್ ಜಾತಿಗಳಿಗೆ, ಅಂದರೆ ಥಾಯ್ಲೆಂಡಿನ ಸುಣ್ಣದ ಕಲ್ಲಿನ ಗುಹೆಗಳಿಂದ ಬಂದ, 'ರಬ್ಬರ್ ಡಕ್ಕಿ' ಅಂತ ಕರೆಯುವಂಥವಕ್ಕೆ, ಒದ್ದೆ ಭಾಗ ಅರ್ಧಕ್ಕಿಂತ ಜಾಸ್ತಿ ಇರಲಿ. ಆದರೂ ಒಂದು ಒಣ ತುದಿ ಬೇಕೇ ಬೇಕು.

ಬೇಸಿಗೆಯಲ್ಲಿ ಗಾಳಿ ತೂತು ಕಡಿಮೆ ಮಾಡಬೇಕೆಂದರೆ ಒದ್ದೆ ಬದಿಯದನ್ನಷ್ಟೇ ಮುಚ್ಚಿ. ಒಣ ಬದಿಯದು ತೆರೆದಿರಲಿ. ಮೇಲೆ ಫ್ಯಾನ್ ತಿರುಗುವ ಜಾಗದಿಂದ ಡಬ್ಬಿ ಸರಿಸಿ. ಎಸಿ ಕೋಣೆ ತಂಪು ನಿಜ, ಆದರೆ ಗಾಳಿಯನ್ನು ಒಣಗಿಸುತ್ತದೆ. ಅಲ್ಲಿ ತಕ್ಕಡಿ ಇನ್ನಷ್ಟು ಬೇಕಾಗುತ್ತದೆ.

ಉಸಿರು ಕಟ್ಟಿದ್ದರೆ

ಗೋಡೆ ಹತ್ತಿವೆ, ವಾಸನೆ ಇದೆ, ಮುಷ್ಟಿಯಲ್ಲಿ ನೀರು ಸುರಿಯುತ್ತಿದೆ. ಮೂರೂ ಸೇರಿದರೆ ಅನುಮಾನವೇ ಬೇಡ. ತಕ್ಷಣ ಮುಚ್ಚಳ ಅರ್ಧ ಸರಿಸಿ, ನೆರಳಿನಲ್ಲಿ ಅರ್ಧ ತಾಸು ಬಿಡಿ. ಕೊಳೆತ ತರಕಾರಿ, ಬೂಷ್ಟು ಹಿಡಿದ ಆಹಾರ ತೆಗೆಯಿರಿ. ಒಣ ಎಲೆ ಎರಡು ಹಿಡಿ ಒಂದು ಬದಿಗೆ ಹಾಕಿ. ತಳದಲ್ಲಿ ಕಪ್ಪು ಪಟ್ಟಿ ಇದ್ದರೆ ಆ ಭಾಗದ ಮಣ್ಣನ್ನು ಚಮಚದಿಂದ ತೆಗೆದು ಹಾಕಿ. ಮೇಲಿನ ಒಳ್ಳೆಯ ಮಣ್ಣು, ಎಲೆ, ತೊಗಟೆ ಉಳಿಸಿಕೊಳ್ಳಿ. ಮರಿಗಳು ಅಲ್ಲೇ ಇರುತ್ತವೆ.

ಆಮೇಲೆ ತೂತುಗಳ ವಿಚಾರ. ಎದುರುಬದುರು ಗೋಡೆಗಳಲ್ಲಿ ತೂತು ಇರಬೇಕು, ಒಂದು ಕಡೆ ಮೇಲೆ, ಇನ್ನೊಂದು ಕಡೆ ಸ್ವಲ್ಪ ಕೆಳಗೆ. ಮುಚ್ಚಳದ ಮೇಲೆ ಮಾತ್ರ ತೂತು ಹಾಕಿದರೆ ತೇವ ಹಾರಿಹೋಗುತ್ತದೆ, ತಳದ ಗಾಳಿ ಮಾತ್ರ ಅಲುಗುವುದಿಲ್ಲ. ತೂತಿಗೆ ಹಾರ್ಡ್‌ವೇರ್ ಅಂಗಡಿಯ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಅಂಟಿಸಿ. ನೈಲಾನ್ ಸೊಳ್ಳೆ ಪರದೆಯನ್ನು ಕೆಲವು ಕಡಿದುಬಿಡುತ್ತವೆ.

ಮಳೆಗಾಲದಲ್ಲಿ ಈ ದೋಷ ಜಾಸ್ತಿ. ಬೆಳಗಾವಿಯವರಿಗೆ ಜೂನ್‌ನಲ್ಲೇ ಶುರು. ಖಾನಾಪುರದ ಕಡೆಯಂತೂ ಗೋಡೆಯೇ ಬೆವರುತ್ತದೆ. ವಿಜಯಪುರ, ಬಾಗಲಕೋಟೆಗಳಲ್ಲಿ ಸೆಪ್ಟೆಂಬರ್ ಮಳೆ ಬಿದ್ದಾಗ ಇದೇ ಪಾಡು. ಬೇಸಿಗೆಗೆ ಅಂತ ಅಂಟಿಸಿದ ಟೇಪ್ ಆಗಲೂ ಹಾಗೇ ಇರುತ್ತದೆ ಅಲ್ವಾ? ಮೊದಲ ದೊಡ್ಡ ಮಳೆಗೆ ಅದನ್ನು ಕಿತ್ತುಹಾಕಿ.

ಬಿಸಿ: ನಮ್ಮ ಭಾಗದ ದೊಡ್ಡ ದೋಷ

ಉಷ್ಣವಲಯದ ಪ್ರಾಣಿ, ಬಿಸಿ ತಡೆಯುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಉಷ್ಣವಲಯ ಅಂದರೆ ಕಾಡಿನ ನೆಲ, ಎಲೆಯ ಕೆಳಗಿನ ನೆರಳು. ಮೇ ತಿಂಗಳ ನಮ್ಮ ಆರ್‌ಸಿಸಿ ಮನೆಯ ಮೇಲಂತಸ್ತು ಅಲ್ಲ. ಸಾಮಾನ್ಯವಾಗಿ ಸಾಕುವ ಜಾತಿಗಳಿಗೆ 22ರಿಂದ 28 ಡಿಗ್ರಿ ಹಿತ. 30 ದಾಟಿ ದಿನಗಟ್ಟಲೆ ನಿಂತರೆ ಕಷ್ಟ ಶುರು. ಹೊರಗೆ 40 ಇರುವಾಗ ಮೇಲ್ಛಾವಣಿಯ ಸ್ಲ್ಯಾಬ್ ಹಗಲೆಲ್ಲ ಬಿಸಿ ಕುಡಿದು ರಾತ್ರಿ ಒಳಗೆ ಬಿಡುತ್ತದೆ. ಹಾಗಾಗಿ ಡಬ್ಬಿಯ ಒಳಗಿನ ಉಷ್ಣತೆಯನ್ನು ರಾತ್ರಿ ಹನ್ನೊಂದಕ್ಕೂ ಒಮ್ಮೆ ನೋಡಬೇಕು. ಹಗಲು 33 ಇದ್ದು ರಾತ್ರಿ 26ಕ್ಕೆ ಇಳಿದರೆ ಕೆಲವು ಜಾತಿ ತಾಳಿಕೊಳ್ಳುತ್ತವೆ. ರಾತ್ರಿಯೂ 32 ಇದ್ದರೆ ಸುಧಾರಿಸಿಕೊಳ್ಳಲು ಅವಕ್ಕೆ ಬಿಡುವೇ ಇಲ್ಲ.

ಬಿಸಿಯ ಲಕ್ಷಣ ಹೀಗೆ: ಮಧ್ಯಾಹ್ನ ಸಾವು, ಒಂದೇ ದಿನ ಹಲವು, ದೊಡ್ಡವು ಮೊದಲು, ಮಣ್ಣು ಮಾತ್ರ ಚೆನ್ನಾಗಿಯೇ ಒದ್ದೆ. ಒದ್ದೆ ಮಣ್ಣು, ಬಿಗಿ ಮುಚ್ಚಳ, 36 ಡಿಗ್ರಿ ಸೇರಿದರೆ ಡಬ್ಬಿ ಇಡ್ಲಿ ಪಾತ್ರೆಯ ಕೆಲಸ ಮಾಡುತ್ತದೆ. ಬಿಸಿಯಾದಷ್ಟೂ ಪ್ರಾಣಿಗೂ, ಮಣ್ಣಿನ ಸೂಕ್ಷ್ಮಜೀವಿಗಳಿಗೂ ಆಮ್ಲಜನಕ ಜಾಸ್ತಿ ಬೇಕು. ಮುಚ್ಚಿದ ಡಬ್ಬಿಯಲ್ಲಿ ಅದು ಎಲ್ಲಿಂದ ಬರಬೇಕು?

ಸರಿಪಡಿಸುವುದು ಹೇಗೆ? ಮೊದಲು ಜಾಗ. ಕೆಳಗಿನ ಮನೆ, ಉತ್ತರದ ಗೋಡೆ, ನೆಲದ ಮೇಲೆ. ಶಹಾಬಾದಿ ಫರಸಿ ಇರುವ ಹಳೆಯ ಕಲ್ಲಿನ ಮನೆಯಾದರೆ ನಿಮ್ಮ ಅದೃಷ್ಟ. ಮಂಚದ ಕೆಳಗೆ ಇಟ್ಟರೂ ಸಾಕಾದೀತು. ಕಪಾಟಿನ ಮೇಲೆ, ಫ್ರಿಜ್ ಮೇಲೆ, ಟೀವಿ ಹಿಂದೆ ಬೇಡ.

ಎರಡನೆಯದು ನಮ್ಮ ಊರಿನದೇ ಉಪಾಯ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವ ಅದೇ ಕ್ರಮ. ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಎರಡು ಬೆರಳಷ್ಟು ಮರಳು ಹಾಕಿ ನೆನೆಸಿ. ಅದರ ಮೇಲೆ ಡಬ್ಬಿ ಇಟ್ಟು, ಸುತ್ತ ಒದ್ದೆ ಗೋಣಿ ತಟ್ಟು ಸುತ್ತಿ. ಗಾಳಿ ತೂತು ಮುಚ್ಚಬಾರದು. ಕಿಟಕಿಯ ಗಾಳಿ ಗೋಣಿಗೆ ತಾಗುವಂತಿರಲಿ. ಹೊರಗಿನ ಗಾಳಿ 40 ಡಿಗ್ರಿ ಇದ್ದು ತೇವಾಂಶ ಶೇಕಡಾ 20 ಇದ್ದರೆ, ಆವಿಯಾಗುವ ನೀರು ಲೆಕ್ಕದ ಪ್ರಕಾರ 23 ಡಿಗ್ರಿಯ ಹತ್ತಿರಕ್ಕೂ ತಣಿಸಬಲ್ಲದು. ಮನೆಯಲ್ಲಿ ಅಷ್ಟು ಇಳಿಯುವುದಿಲ್ಲ. ಆದರೆ ಬೇಕಾದದ್ದು ಕೆಲವೇ ಡಿಗ್ರಿ. ಇದಕ್ಕೆ ಕರೆಂಟ್ ಬೇಡ. ಮಧ್ಯಾಹ್ನ ಲೈಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಇದು ಮೇ ತಿಂಗಳ ಮದ್ದು ಮಾತ್ರ. ಮಳೆಗಾಲದ ದಿನ 30 ಡಿಗ್ರಿ, ತೇವಾಂಶ 80 ಇದ್ದರೆ ಅದೇ ಲೆಕ್ಕ 27ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆಗ ಗೋಣಿ ಸುತ್ತಿದರೆ ಬೂಷ್ಟು ಬೆಳೆಯುತ್ತದೆ ಅಷ್ಟೇ. ಬೆಳಗಾವಿಯ ಗೆಳೆಯರು ಈ ಉಪಾಯವನ್ನು ಜುಲೈನಲ್ಲಿ ಮಾಡಿ ನನ್ನನ್ನು ಬೈಯಬಾರದು.

ಐಸ್ ಬಾಟಲಿಯನ್ನು ಡಬ್ಬಿಯೊಳಗೆ ಇಡಬೇಡಿ, ಪಕ್ಕಕ್ಕೆ ಇಟ್ಟು ನಡುವೆ ಬಟ್ಟೆ ಹಾಕಿ. ಫ್ರಿಜ್‌ಗೆ ಇಡುವ ಯೋಚನೆಯೇ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಹೊಸ ಹುಳಗಳನ್ನು ಕೊರಿಯರ್‌ನಲ್ಲಿ ತರಿಸಬೇಡಿ. ವ್ಯಾನಿನೊಳಗಿನ ಬಿಸಿಗೆ ನಿಮ್ಮ ಬಳಿ ಉತ್ತರವಿಲ್ಲ. ಹೊಸಬರು ಶುರುಮಾಡುವುದಾದರೆ ಪೌಡರ್ ಬ್ಲೂ, ಪೌಡರ್ ಆರೆಂಜ್ ಅಂತ ಸಿಗುವ ಪೋರ್ಸೆಲಿಯೊನೈಡೀಸ್ ಪ್ರುಯಿನೋಸಸ್ ತೆಗೆದುಕೊಳ್ಳಿ. ಬಿಸಿಯನ್ನು ಇದು ಉಳಿದವಕ್ಕಿಂತ ಚೆನ್ನಾಗಿ ತಾಳುತ್ತದೆ. ಮೊದಲ ಬೇಸಿಗೆಗೇ ದುಬಾರಿ ಕ್ಯೂಬಾರಿಸ್ ತಂದು ಕಳೆದುಕೊಳ್ಳುವುದರಲ್ಲಿ ಯಾವ ಶೋಕಿಯೂ ಇಲ್ಲ.

ಮೀಟರ್ ಸುಳ್ಳು ಹೇಳುತ್ತಿದೆಯೇ?

ಅಗ್ಗದ ಡಿಜಿಟಲ್ ತೇವಾಂಶ ಮೀಟರುಗಳು ಹತ್ತು ಅಂಕಿ ಆಚೀಚೆ ತೋರಿಸುವುದು ಮಾಮೂಲು. ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಅಡುಗೆ ಉಪ್ಪು ಹಾಕಿ. ಕೆಸರಿನಷ್ಟು ಒದ್ದೆಯಾಗುವಂತೆ ಕೆಲವು ಹನಿ ನೀರು ಬಿಡಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಬಿಗಿ ಡಬ್ಬದಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಶೇಕಡಾ 75 ತೋರಿಸಬೇಕು. 68 ತೋರಿಸಿದರೆ ನಿಮ್ಮ ಮೀಟರಿಗೆ ಯಾವಾಗಲೂ 7 ಕೂಡಿಸಿಕೊಳ್ಳಿ. ಇಷ್ಟಾದರೂ ಮೀಟರ್ ಹೇಳುವುದು ಅದು ಕೂತ ಜಾಗದ ಮಾತು. ತೊಗಟೆಯ ಕೆಳಗಿನ ಕಥೆ ಬೇರೆ.

ಪೊರೆ ಬಿಡುವಾಗ ಸಾಯುತ್ತಿದ್ದರೆ

ಅರ್ಧ ಪೊರೆ ಕಳಚಿ, ಉಳಿದರ್ಧ ಅಂಟಿಕೊಂಡೇ ಸತ್ತದ್ದು ಮತ್ತೆ ಮತ್ತೆ ಸಿಕ್ಕರೆ ಕ್ಯಾಲ್ಸಿಯಂ, ಪ್ರೋಟೀನ್ ಅಥವಾ ತೇವ, ಮೂರರಲ್ಲಿ ಒಂದು ಕಡಿಮೆ. ಪೊರೆ ಬಿಡುವ ಮುಂಚೆ ಹಳೆಯ ಚಿಪ್ಪಿನ ಕ್ಯಾಲ್ಸಿಯಂ ಅನ್ನು ಎದೆಯ ಕೆಳಭಾಗದಲ್ಲಿ ಬಿಳಿ ಬಿಲ್ಲೆಗಳಾಗಿ ಕೂಡಿಟ್ಟುಕೊಳ್ಳುತ್ತವೆ. ತಿರುಗಿಸಿ ನೋಡಿದರೆ ಕಾಣುತ್ತದೆ. ಅದನ್ನು ಹುಳುಕು ಅಂತ ತಿಳಿಯಬೇಡಿ.

ಅಕ್ವೇರಿಯಂ ಅಂಗಡಿಯಲ್ಲಿ ಪಕ್ಷಿಗಳಿಗೆ ಅಂತ ಮಾರುವ ಕಟಲ್ ಬೋನ್, ಅಂದರೆ ಒಂದು ಸಮುದ್ರ ಪ್ರಾಣಿಯ ಸುಣ್ಣದಂಥ ಬಿಳಿ ಒಳಚಿಪ್ಪು, ಒಂದು ತುಂಡು ಸದಾ ಇರಲಿ. ಮೊಟ್ಟೆ ಚಿಪ್ಪು ಕುದಿಸಿ, ಒಣಗಿಸಿ ಪುಡಿ ಮಾಡಿದರೂ ಆಗುತ್ತದೆ. ಬಾಗಲಕೋಟೆಯವರಿಗೆ ಸುಣ್ಣದ ಕಲ್ಲಿಗೆ ಬರವಿಲ್ಲ. ಲೋಕಾಪುರದ ಕಡೆಯ ಕಲ್ಲಿನ ಚೂರು ತೊಳೆದು ಹಾಕಬಹುದು. ಆದರೆ ಎಲೆ ಅಡಿಕೆಗೆ ಹಚ್ಚುವ ಸುಣ್ಣ ಬೇಡವೇ ಬೇಡ. "ಸುಣ್ಣ ಸುಣ್ಣನೇ ಅಲ್ಲೇನ್ರಿ" ಅಂತ ಕೇಳುತ್ತಾರೆ. ಅಲ್ಲ. ಅದು ಅರಳಿದ ಸುಣ್ಣ, ಮೈ ಸುಡುತ್ತದೆ. ಪ್ರೋಟೀನಿಗೆ ಉಪ್ಪು ಹಾಕದ ಒಣ ಸೀಗಡಿ ಇಲ್ಲವೇ ಮೀನಿನ ಆಹಾರ, ವಾರಕ್ಕೆ ಒಂದೆರಡು ಸಲ, ಒಂದು ದಿನದಲ್ಲಿ ಮುಗಿಯುವಷ್ಟು.

ವಿಷ ಎಲ್ಲಿಂದ ಬಂತು?

ತೇವ ಸರಿ, ಬಿಸಿ ಸರಿ, ವಾಸನೆ ಇಲ್ಲ. ಆದರೂ ಬೆನ್ನ ಮೇಲೆ ಬಿದ್ದು ಒದ್ದಾಡುತ್ತಿವೆ. ಆಗ ಪತ್ತೇದಾರಿಕೆ ಶುರು.

ಮೊದಲ ಅನುಮಾನ ಸೊಳ್ಳೆ ಮದ್ದು. ಪ್ಲಗ್‌ಗೆ ಹಾಕುವ ಲಿಕ್ವಿಡ್, ಕಾಯಿಲ್, ಜಿರಳೆ ಸ್ಪ್ರೇ, ಇರುವೆ ಓಡಿಸುವ ಸೀಮೆಸುಣ್ಣ, ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಬಳಗದ ಮದ್ದು. ಮನುಷ್ಯರಿಗೆ ಅಷ್ಟಾಗಿ ತಾಗದಿದ್ದರೂ ಕೀಟಗಳಿಗೂ, ಏಡಿ, ಸೀಗಡಿ ಬಳಗಕ್ಕೂ ಕಡು ವಿಷ. ರಾತ್ರಿ ಕೋಣೆ ಮುಚ್ಚಿ ಲಿಕ್ವಿಡ್ ಹಚ್ಚುವ ಮನೆಯಲ್ಲಿ ಡಬ್ಬಿ ಅದೇ ಕೋಣೆಯಲ್ಲಿ ಇರಬಾರದು. ಇರುವೆ ತಡೆಯಲು ಡಬ್ಬಿಯ ಸುತ್ತ ಸೀಮೆಸುಣ್ಣದ ಗೆರೆ ಎಳೆಯುವವರನ್ನೂ ನೋಡಿದ್ದೇನೆ. ಇರುವೆ ಬರಲಿಲ್ಲ, ಐಸೊಪಾಡ್ ಉಳಿಯಲಿಲ್ಲ.

ಎರಡನೆಯದು ಎಲೆ. ನಮ್ಮ ಜಿಲ್ಲೆಯಲ್ಲಿ ಒಣ ಎಲೆ ಅಂದ ತಕ್ಷಣ ಜನ ತಿಕೋಟಾ ಕಡೆಯ ದ್ರಾಕ್ಷಿ ತೋಟಕ್ಕೆ ಹೋಗುತ್ತಾರೆ. ಪುಕ್ಕಟೆ, ಬೇಕಾದಷ್ಟು. ಆದರೆ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಆದ ಮೇಲೆ ಆ ಬಳ್ಳಿಗೆ ಎಷ್ಟು ಸಲ ಔಷಧಿ ಹೊಡೆಯುತ್ತಾರೆ ಅಂತ ರೈತರನ್ನೇ ಕೇಳಿ. ಬೂಜು ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ, ಅಂದರೆ ತಾಮ್ರ. ಐಸೊಪಾಡಿನ ರಕ್ತಕ್ಕೆ ತಾಮ್ರ ಬೇಕು ನಿಜ. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅವುಗಳಲ್ಲಿ ತಾಮ್ರ ಮಾಡುತ್ತದೆ. ಆದರೆ ಎಲೆಯಲ್ಲಿ ಅದು ಜಾಸ್ತಿಯಾದರೆ ತಿನ್ನುವುದನ್ನು ಕಡಿಮೆ ಮಾಡುತ್ತವೆ, ಬೆಳವಣಿಗೆ ಕುಂಠಿತವಾಗುತ್ತದೆ. ಇದು ಒಂದೇ ದಿನದ ಸಾವಲ್ಲ, ತಿಂಗಳುಗಟ್ಟಲೆ ಸೊರಗುವುದು. ದಾಳಿಂಬೆ ತೋಟದ ಎಲೆಗೂ, ಇಂಡಿ ಕಡೆಯ ಲಿಂಬೆ ತೋಟದ ಎಲೆಗೂ ಇದೇ ಮಾತು. ಔಷಧಿ ಕಂಡ ತೋಟ ಬೇಡ.

ಹಾಗಾದರೆ ಯಾವ ಎಲೆ? ಮನೆ ಹಿತ್ತಲಿನ ಪೇರಲ, ಹಲಸು, ಮಾವು, ಅತ್ತಿ. ಶಾಲೆ ಅಂಗಳಗಳಲ್ಲಿ ಬೀಳುವ ಕಾಡು ಬಾದಾಮಿಯ ದೊಡ್ಡ ಎಲೆ ಎಲ್ಲಕ್ಕಿಂತ ಚೆನ್ನ. ಬೇವು, ನೀಲಗಿರಿ ಬೇಡ. ಬೇವಿನಲ್ಲಿ ಕೀಟ ಓಡಿಸುವ ಗುಣ ಇದೆ ಅಂತ ಕಾಳಿನ ಡಬ್ಬಿಗೆ ನಾವೇ ಹಾಕುತ್ತೇವಲ್ಲ. ತಾನಾಗಿ ಉದುರಿ ಕಂದು ಬಣ್ಣಕ್ಕೆ ತಿರುಗಿದ ಎಲೆಯನ್ನೇ ಆರಿಸಿ, ಕುದಿ ನೀರಿನಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿ. ಬಿಸಿಲಿಗಂತೂ ನಮ್ಮಲ್ಲಿ ಕೊರತೆ ಇಲ್ಲ. ಬೆಳಗಾವಿಯವರು ಭೀಮಗಡ ಅಭಯಾರಣ್ಯದ ಕಡೆಗೆ ಚೀಲ ಹಿಡಿದು ಹೋಗಬೇಡಿ. ಅಲ್ಲಿಂದ ಎಲೆಯಾಗಲಿ ಹುಳವಾಗಲಿ ತರುವುದು ಕಾನೂನಿಗೆ ವಿರುದ್ಧ.

ಮೂರನೆಯದು ಕೋಕೋಪೀಟ್, ಅಂದರೆ ಡಬ್ಬಿಗೆ ಮಣ್ಣಿನ ಬದಲು ಹಾಕುವ ತೆಂಗಿನ ನಾರಿನ ಪುಡಿ. ಇಟ್ಟಿಗೆಯಾಗಿ ಬರುವ ಅಗ್ಗದ ಕೋಕೋಪೀಟ್‌ನಲ್ಲಿ ಉಪ್ಪು ಉಳಿದಿರಬಹುದು. ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ಮತ್ತೆ ನೆನೆಸಿ, ನೀರು ತಿಳಿಯಾಗುವವರೆಗೆ ತೊಳೆಯಿರಿ.

ನಾಲ್ಕನೆಯದು ನೀರು. ಬೋರ್‌ವೆಲ್ ನೀರಿನಿಂದ ಡಬ್ಬಿಯ ಗೋಡೆಗೆ ಬಿಳಿ ಪೊರೆ ಕಟ್ಟುವುದು ಸಹಜ. ಅದರಲ್ಲಿರುವ ಸುಣ್ಣದ ಅಂಶ ಕೆಡುಕಲ್ಲ. ಆದರೆ ಸವುಳು ನೀರಾದರೆ ನೀರು ಆರಿ ಉಪ್ಪು ಮಾತ್ರ ಮಣ್ಣಿನಲ್ಲೇ ಉಳಿಯುತ್ತದೆ. ಪ್ರತಿ ಸಲ ನೀರು ಹಾಕಿದಾಗಲೂ ಅದು ಕೂಡುತ್ತಾ ಹೋಗುತ್ತದೆ. ಕುಡಿದರೆ ಸವುಳು ಅನ್ನಿಸುವ ನೀರು ಬೇಡ. ಶುದ್ಧ ನೀರಿನ ಘಟಕದ ನೀರು, ಇಲ್ಲವೇ ಹಿಡಿದಿಟ್ಟ ಮಳೆ ನೀರು ಒಳ್ಳೆಯದು. ನಳದ ನೀರಾದರೆ ಕ್ಲೋರಿನ್ ಹೋಗಲು ಬಾಯಗಲದ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಡಿ.

ಬೇಡದ ಅತಿಥಿಗಳು

ಉದ್ದನೆಯ ಬಿಳಿ ಚುಕ್ಕಿಗಳು ಮುಟ್ಟಿದರೆ ಟಪ್ ಅಂತ ಹಾರಿದರೆ ಅವು ಸ್ಪ್ರಿಂಗ್‌ಟೇಲ್. ಬೂಷ್ಟು ತಿನ್ನುತ್ತವೆ, ಇರಲಿ. ದುಂಡಗಿನ ಬಿಳಿ ಚುಕ್ಕಿಗಳು ಆಹಾರದ ಮೇಲೆ ರಾಶಿಯಾಗಿ ನಿಧಾನಕ್ಕೆ ತೆವಳಿದರೆ ಅವು ನುಸಿ. ಐಸೊಪಾಡನ್ನು ಕೊಲ್ಲುವುದಿಲ್ಲ, ಆದರೆ ನೀವು ಆಹಾರ ಜಾಸ್ತಿ ಹಾಕುತ್ತಿದ್ದೀರಿ ಅಂತ ಹೇಳುತ್ತಿವೆ. ಆಹಾರ ನಿಲ್ಲಿಸಿ, ಎಲೆ ಮಾತ್ರ ಬಿಡಿ, ಒಣ ಭಾಗ ಹೆಚ್ಚಿಸಿ. ಸಣ್ಣ ಕಪ್ಪು ನೊಣಗಳು ಕಿರಿಕಿರಿ ಅಷ್ಟೇ.

ಇರುವೆ ಮಾತ್ರ ಗಂಭೀರ. ಒಂದು ರಾತ್ರಿಯಲ್ಲಿ ಡಬ್ಬಿ ಖಾಲಿ ಮಾಡುತ್ತವೆ. ಅಜ್ಜಿಯರು ತುಪ್ಪ, ಬೆಲ್ಲದ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಅದನ್ನೇ ಮಾಡಿ. ಸ್ಟೂಲಿನ ನಾಲ್ಕು ಕಾಲೂ ನೀರಿನಲ್ಲಿರಲಿ, ಡಬ್ಬಿ ಗೋಡೆಗೆ ತಾಗದಿರಲಿ.

ನೀಲಿ ಮಿರುಗು

ಕಂದು ಅಥವಾ ಬೂದು ಹುಳ ಏಕಾಏಕಿ ನೀಲಿ, ನೇರಳೆ ಬಣ್ಣಕ್ಕೆ ಮಿರುಗತೊಡಗಿದರೆ ಹೊಸ ತಳಿ ಸಿಕ್ಕಿತು ಅಂತ ಖುಷಿಪಡಬೇಡಿ. ಅದು ಇರಿಡೋವೈರಸ್. ಮೈಯೊಳಗೆ ವೈರಸ್ ಕಣಗಳು ಒತ್ತೊತ್ತಾಗಿ ಜೋಡಣೆಯಾಗಿ ಬೆಳಕನ್ನು ಹಾಗೆ ತೋರಿಸುತ್ತವೆ. ಮದ್ದಿಲ್ಲ. ಅಂಥದ್ದನ್ನು ತೆಗೆದು ಬೇರೆ ಮಾಡಿ. ಸತ್ತದ್ದನ್ನು ಉಳಿದವು ತಿನ್ನಲು ಬಿಡಬೇಡಿ. ಆ ಡಬ್ಬಿಯ ಮಣ್ಣು, ಚಮಚ, ತೊಗಟೆ ಬೇರೆ ಡಬ್ಬಿಗೆ ಹೋಗಬಾರದು, ಅದರ ಹುಳ ಯಾರಿಗೂ ಕೊಡಬಾರದು. ಪೌಡರ್ ಬ್ಲೂ ಸಾಕುವವರು ಹೆದರಬೇಡಿ. ಅದರ ನೀಲಿ ಪುಡಿ ಬಳಿದಂತೆ ಮಂಕಾಗಿರುತ್ತದೆ, ಮಿರುಗುವುದಿಲ್ಲ.

ಮರಿಗಳೇ ಕಾಣುತ್ತಿಲ್ಲ

ಸಾವಿಲ್ಲ, ಆದರೆ ಸಂಖ್ಯೆಯೂ ಹೆಚ್ಚುತ್ತಿಲ್ಲ. ಮೊದಲು ಹೆಣ್ಣಿನ ಹೊಟ್ಟೆ ನೋಡಿ. ಮೊಟ್ಟೆಗಳನ್ನು ಅವು ಹೊಟ್ಟೆಯ ಕೆಳಗಿನ ಚೀಲದಲ್ಲೇ ಹೊತ್ತಿರುತ್ತವೆ. ಹಳದಿ ಬಣ್ಣದ ಉಬ್ಬು ಕಂಡರೆ ಕಾಯಿರಿ, ಆ ಹೊತ್ತಿನಲ್ಲಿ ಮಣ್ಣು ಕೆದಕಬೇಡಿ. ಹೊರಬಂದ ಮರಿ ಬಿಳಿಯಾಗಿ ತೀರಾ ಸಣ್ಣದಿರುತ್ತದೆ. ದೊಡ್ಡವಕ್ಕೆ ಏಳು ಜೊತೆ ಕಾಲು, ಹುಟ್ಟಿದ ಮರಿಗೆ ಆರೇ ಜೊತೆ. ಬರಿಗಣ್ಣಿಗೆ ನುಸಿ ಅಂತಲೇ ಅನ್ನಿಸುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ನುಸಿ ಅಂತ ತಿಳಿದು ಮಣ್ಣೆಲ್ಲ ಎಸೆದರೆ ಒಂದು ತಲೆಮಾರೇ ಹೋಯಿತು.

ಡ್ವಾರ್ಫ್ ವೈಟ್ ಅನ್ನುವ ಟ್ರೈಕೊರೈನಾ ಟೊಮೆಂಟೋಸಾಗೆ ಗಂಡೇ ಬೇಡ, ಹೆಣ್ಣುಗಳೇ ಮರಿ ಮಾಡುತ್ತವೆ. ಸಾಕುವ ಉಳಿದ ಜಾತಿಗಳಲ್ಲಿ ಹೆಚ್ಚಿನವಕ್ಕೆ ಗಂಡು, ಹೆಣ್ಣು ಎರಡೂ ಬೇಕು. ನಾಲ್ಕೈದು ಮಾತ್ರ ತಂದಿದ್ದರೆ ಎಲ್ಲ ಒಂದೇ ಲಿಂಗದವು ಆಗಿರಬಹುದು. ಗುಹೆಯ ಕ್ಯೂಬಾರಿಸ್‌ಗಳು ಮೊದಲೇ ನಿಧಾನ, ಒಂದು ಸಲಕ್ಕೆ ಮರಿಯೂ ಕಡಿಮೆ. ಜಾಗ ಬದಲಾದ ಮೇಲೆ ತಿಂಗಳುಗಟ್ಟಲೆ ಸುಮ್ನೆ ಕೂರುತ್ತವೆ. ಅವನ್ನು ತಂದವರಿಗೆ ಬೇಕಾದದ್ದು ತಾಳ್ಮೆ ಒಂದೇ.

ಸರಿಪಡಿಸಿದ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ. ತೂತು ತೆರೆದಿರಾ? ನಾಲ್ಕೈದು ದಿನ ಬಿಟ್ಟು ಮಧ್ಯಾಹ್ನ ಮತ್ತೆ ಎಲ್ಲಿ ಕೂತಿವೆ ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಮುಂದಿನ ಬೇಸಿಗೆಗೂ ತಿಳಿಯುವುದಿಲ್ಲ. ಬಿಸಿ ಮತ್ತು ವಿಷಕ್ಕೆ ಮಾತ್ರ ಈ ನಿಯಮ ಇಲ್ಲ. ಅಲ್ಲಿ ಮೊದಲು ಎತ್ತಿ ಬೇರೆ ಕಡೆ ಇಡಿ, ಯೋಚನೆ ಆಮೇಲೆ.

ವಿಷದ ಅನುಮಾನ ಬಲವಾಗಿದ್ದರೆ ಇಡೀ ಡಬ್ಬಿ ಬದಲಿಸಬೇಕು. ಹೊಸ ಡಬ್ಬಿಗೆ ತೊಳೆದ ಕೋಕೋಪೀಟ್, ಹೊಸ ಎಲೆ, ಮೆತ್ತಗೆ ಕೊಳೆತ ಕಟ್ಟಿಗೆ ಹಾಕಿ, ಬದುಕಿರುವುದನ್ನೆಲ್ಲ ಮೆದು ಬ್ರಷ್‌ನಿಂದ ಆರಿಸಿ ಬಿಡಿ. ಹಳೆಯ ಡಬ್ಬಿಯನ್ನು ಅಂದೇ ಖಾಲಿ ಮಾಡಬೇಡಿ. ಒಂದು ತುಂಡು ಸೌತೆಕಾಯಿ ಇಟ್ಟು ಕೆಲವು ರಾತ್ರಿ ನೋಡಿ, ಉಳಿದ ಮರಿಗಳು ಅದಕ್ಕೆ ಬಂದು ಸೇರುತ್ತವೆ. ಆಮೇಲೆ ಆ ಮಣ್ಣನ್ನು ಗಿಡದ ಬುಡಕ್ಕಾಗಲಿ ಹೊಲಕ್ಕಾಗಲಿ ಹಾಗೇ ಸುರಿಯಬೇಡಿ. ಹೊರದೇಶದ ಜಾತಿಗಳು ನಮ್ಮ ನೆಲಕ್ಕೆ ಇಳಿಯಬಾರದು. ಕುದಿ ನೀರು ಹೊಯ್ದು, ತಗಡಿನ ಮೇಲೆ ಹರವಿ ಬಿಸಿಲಿಗೆ ಪೂರ್ತಿ ಒಣಗಿಸಿ, ಆಮೇಲಷ್ಟೇ ಎಸೆಯಿರಿ.